ಪಿಳ್ಳಪ್ಪನ ಗಾಳ

ಅಮೃತಹಳ್ಳಿ ಕೆರೆ ಏರಿಯ ಕೆಳಗೆ, ತೂಬಿನಿಂದ ಇಪ್ಪತ್ತು ಹೆಜ್ಜೆಯಲ್ಲಿ ಒಂದು ಹೆಂಚಿನ ಮನೆ. ಆ ಮನೆಯ ಯಜಮಾನ ಪಿಳ್ಳಪ್ಪ. ಹೆಬ್ಬಾಳದಿಂದ ಯಲಹಂಕದವರೆಗೆ ಯಾರನ್ನು ಕೇಳಿದರೂ 'ಗಾಳದ ಪಿಳ್ಳಪ್ಪನಾ?' ಎಂದು ದಾರಿ ತೋರಿಸುತ್ತಿದ್ದರು. ಅವನು ಗಾಳ ಹಾಕಿ ಕೂತರೆ ಮೀನು ತಾನಾಗಿ ಬಂದು ಕಚ್ಚುತ್ತದಂತೆ, ಅವನ ಕೈಗುಣ ಅಂಥದ್ದಂತೆ. ಹನ್ನೊಂದು ವರ್ಷ ಆ ಊರು ಈ ಮಾತನ್ನು ಹೇಳಿಕೊಂಡು, ಕೇಳಿಕೊಂಡು, ನಂಬಿಕೊಂಡು ಬಂತು. ಆ ಹನ್ನೊಂದು ವರ್ಷದಲ್ಲಿ ಪಿಳ್ಳಪ್ಪ ಒಂದೇ ಒಂದು ಮೀನು ಹಿಡಿದವನಲ್ಲ.

ಹಿಡಿದವಳು ಅವನ ಹೆಂಡತಿ ಮುನಿಯಲ್ಲಮ್ಮ.

ಅವಳು ಹುಟ್ಟಿದ್ದು ಹುಣಸಮಾರನಹಳ್ಳಿಯಲ್ಲಿ. ಎಮ್ಮೆ ಕಾಯುವುದಕ್ಕೆಂದು ಕಳಿಸಿದರೆ ಎಮ್ಮೆಯನ್ನು ನೀರಿಗೆ ಬಿಟ್ಟು ತಾನು ದಡದಲ್ಲಿ ಕೂತು ಬಿಡುತ್ತಿದ್ದಳು. ಗುಂಡುಸೂಜಿ ಬಾಗಿಸಿ ಗಾಳ ಮಾಡಿಕೊಂಡಳು, ಹೂ ಕಟ್ಟುವ ದಾರವನ್ನೇ ನಾಲ್ಕೆಳೆ ಹೊಸೆದು ಬಿಟ್ಟಳು. ಕಲಿಸಿದವರು ಯಾರೂ ಇಲ್ಲ. ಮೀನು ತಿನ್ನುವುದರಲ್ಲಿ ಅವಳಿಗೆ ಅಂಥ ಆಸೆಯೇನೂ ಇರಲಿಲ್ಲ. ಕಣ್ಣಿಗೆ ಕಾಣದ ನೀರಿನೊಳಗಿಂದ ಯಾವುದೋ ಒಂದು ಜೀವ ಬಂದು ದಾರವನ್ನು ಮುಟ್ಟಿದ್ದು ಬೆರಳಿಗೆ ತಿಳಿಯುತ್ತದಲ್ಲ, ಆ ಗಳಿಗೆಗಾಗಿ ಅವಳು ಊಟ ಬಿಟ್ಟು ಕೂರಬಲ್ಲವಳಾಗಿದ್ದಳು. ಎಪ್ಪತ್ತೆರಡನೆಯ ಇಸವಿಯಲ್ಲಿ ಮದುವೆಯಾಗಿ ಅಮೃತಹಳ್ಳಿಗೆ ಬಂದಾಗ ಅವಳು ಮೊದಲು ನೋಡಿದ್ದು ಏರಿಯಾಚೆಯ ನೀರನ್ನು. ಗಂಡನನ್ನು ಸರಿಯಾಗಿ ನೋಡಿದ್ದು ಆಮೇಲೆ. ನೋಡಬೇಕಾದದ್ದನ್ನೇ ಮೊದಲು ನೋಡಿದೆ ಎಂದು ಅವಳಿಗೆ ಒಂದೇ ತಿಂಗಳಲ್ಲಿ ಖಾತ್ರಿಯಾಯಿತು.

ಬಂದ ವಾರದಲ್ಲೇ ಒಂದು ಜಾಲಿ ಕಡ್ಡಿ ಮುರಿದು, ದಾರ ಕಟ್ಟಿ, ತೂಬಿನ ಹತ್ತಿರ ಕೂತಳು. ಅತ್ತೆ ಮುನಿಕೆಂಪಮ್ಮ ಏರಿ ಮೇಲಿಂದ ನೋಡಿದವಳು ಓಡಿ ಬಂದು ಕಡ್ಡಿ ಕಿತ್ತುಕೊಂಡಳು.

"ಎಂಗಸು ಗಾಳ ಇಡುದ್ರೆ ಕೆರೆ ಬತ್ತೋಯ್ತದೆ ಕಣಮ್ಮಿ. ನಿಮ್ಮೂರಾಗೆ ಎಂಗೋ ಏನೋ, ನಮ್ಮೂರಾಗೆ ಇವೆಲ್ಲ ಬ್ಯಾಡ."

ಕಡ್ಡಿ ಒಲೆಗೆ ಹೋಯಿತು. ಆ ವರ್ಷ ಕೆರೆ ಅರ್ಧ ಬತ್ತಿದ್ದು ನಿಜ. ಮಳೆಯೇ ಬಂದಿರಲಿಲ್ಲ, ಬತ್ತದೆ ಇನ್ನೇನು ಮಾಡೀತು? ಆದರೆ ಮಳೆಯನ್ನು ಜುಟ್ಟು ಹಿಡಿದು ಕೇಳುವುದಕ್ಕಾಗುವುದಿಲ್ಲ, ಹೊಸ ಸೊಸೆಯನ್ನು ಕೇಳಬಹುದು. ಊರಿನ ಹೆಂಗಸರೆಲ್ಲ ಮುನಿಕೆಂಪಮ್ಮನಿಗೆ ಹೌದು ಹೌದು ಎಂದು ತಲೆಯಾಡಿಸಿದರು.

ಮುನಿಯಲ್ಲಮ್ಮ ಬೇರೆ ದಾರಿ ಹುಡುಕಿದಳು. ತೂಬಿನ ಕಲ್ಲಿಗೆ ನಾಲ್ಕು ಮಾರು ಈಚೆಗೆ ಪಾತ್ರೆ ತೊಳೆಯುವ ಕಲ್ಲಿತ್ತು. ದಿನಾ ಬೆಳಿಗ್ಗೆ ಪಾತ್ರೆ ತಂದು, ಕಾಲನ್ನು ನೀರಿಗೆ ಇಳಿಬಿಟ್ಟು ಕೂರುತ್ತಿದ್ದಳು. ಸೊಂಟದಲ್ಲಿ ಒಂದು ನಸ್ಯದ ಡಬ್ಬಿ, ಡಬ್ಬಿಯೊಳಗೆ ಕೊಟ್ಟಿಗೆ ಹಿಂದಿನ ಕೆಸರಿನಲ್ಲಿ ಕೆದಕಿ ತೆಗೆದ ಎರೆಹುಳ. ನೀರೊಳಗೆ ಕೈ ಇಳಿಸಿ, ತಂಗೂಸಿ ದಾರದ ಒಂದು ತುದಿಯನ್ನು ಕಾಲುಂಗುರಕ್ಕೆ ಗಂಟು ಹಾಕುತ್ತಿದ್ದಳು. ಇನ್ನೊಂದು ತುದಿಯಲ್ಲಿ ಹುಳ ಚುಚ್ಚಿದ ಗಾಳ. ಮುದ್ದೆ ಪಾತ್ರೆಯ ತಳ ಕೆರೆದು ನೀರಿಗೆ ಚೆಲ್ಲಿದರೆ ಸಣ್ಣ ಮೀನು ಮುತ್ತುತ್ತಿದ್ದವು, ಸಣ್ಣವನ್ನು ಹುಡುಕಿಕೊಂಡು ದೊಡ್ಡವು ಬರುತ್ತಿದ್ದವು. ಏರಿ ಮೇಲೆ ನಿಂತು ನೋಡಿದವರಿಗೆ ಪಾತ್ರೆ ಉಜ್ಜುವ ಸೊಸೆ ಕಾಣುತ್ತಿದ್ದಳು. ಉಜ್ಜಿದ್ದನ್ನೇ ಉಜ್ಜುತ್ತಾಳೆ, ಎಂಥ ಶುಚಿ ಇವಳದು ಎಂದು ಅತ್ತೆಯೇ ನಾಲ್ಕು ಜನರೆದುರು ಹೊಗಳಿದಳು.

ಬೆಳ್ಳಿಯ ಆ ಉಂಗುರಕ್ಕೆ ಗೊತ್ತಾಗದೆ ಇದ್ದದ್ದಿಲ್ಲ. ಗೆಂಡೆಯಾದರೆ ಎರಡು ಮೂರು ಸಲ ಮುಟ್ಟಿ ಮುಟ್ಟಿ ನೋಡುತ್ತದೆ. ಹಾವುಮೀನು ಬಾವಿಯಿಂದ ಹಗ್ಗ ಸೇದಿದಂತೆ ಒಂದೇ ಸಮ ಎಳೆಯುತ್ತದೆ. ಕೊರವ ಮೀನು ಮಾತ್ರ ಕಚ್ಚಿ ಸುಮ್ಮನೆ ನಿಲ್ಲುತ್ತದೆ. ಆಗ ಎಳೆದರೆ ಹುಳವೂ ಹೋಯಿತು, ಮೀನೂ ಹೋಯಿತು. ಅದು ನಿಂತಷ್ಟು ಹೊತ್ತು ನಾವೂ ನಿಲ್ಲಬೇಕು. ಅದು ಹೊರಡಲು ಅಲುಗಿದಾಗ ಎಳೆಯಬೇಕು. ಇಷ್ಟು ತಾಳ್ಮೆ ಇಲ್ಲದವರು ಗಾಳ ಮುಟ್ಟದೆ ಮನೆಯಲ್ಲಿ ಮಲಗಿರುವುದು ಮೇಲು ಎಂಬುದು ಅವಳ ಅಭಿಪ್ರಾಯ. ಆ ಊರಿನ ಗಂಡಸರಲ್ಲಿ ಗಾಳ ಮುಟ್ಟಲು ಯೋಗ್ಯನಾದ ಒಬ್ಬನೂ ಅವಳಿಗೆ ಕಾಣಲಿಲ್ಲ.

ಪಿಳ್ಳಪ್ಪ ಒಂದು ದಿನ ಕೆರೆ ದಡದಲ್ಲಿ ಅವಳ ಬುಟ್ಟಿಯೊಳಗೆ, ತೊಳೆದ ಪಾತ್ರೆಯ ಕೆಳಗೆ, ಮೊಳದುದ್ದದ ಕೊರವ ನೋಡಿದ. ಬೈಯಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆಮೇಲೆ ಮೀನಿನ ಕಿವಿರಿಗೆ ಹುರಿ ಪೋಣಿಸಿ, ಕೋಲಿಗೆ ನೇತು ಹಾಕಿ, ಹೆಗಲ ಮೇಲಿಟ್ಟುಕೊಂಡು ಹೊರಟ. ಮನೆ ಇದ್ದದ್ದು ಇಪ್ಪತ್ತು ಹೆಜ್ಜೆಯಲ್ಲಿ. ಅವನು ಹೋದದ್ದು ಊರೆಲ್ಲ ಸುತ್ತಿ, ಅರಳಿಕಟ್ಟೆ ಮುಂದೆ ನಿಂತು, ಚಾವಡಿ ಮುಂದೆ ಇನ್ನೊಂದು ಸಲ ನಿಂತು. ಮನೆಗೆ ಬರುವಷ್ಟರಲ್ಲಿ ಮೀನು ಬಾಡಿತ್ತು, ಪಿಳ್ಳಪ್ಪ ಅರಳಿದ್ದ.

ಮಾರನೆಯ ದಿನ ಯಲಹಂಕಕ್ಕೆ ಹೋಗಿ ನಯವಾದ ಬಿದಿರು ಕಡ್ಡಿ, ತಂಗೂಸಿ, ನೀರ ಮೇಲೆ ತೇಲುವ ಬೆಂಡು, ಹೊಳೆಯುವ ಗಾಳ ಎಲ್ಲ ತಂದ. ಬಿಳಿ ಪಂಚೆ ಉಟ್ಟು, ಛತ್ರಿ ಬಿಚ್ಚಿ, ತೂಬಿನ ಕಲ್ಲಿನ ಮೇಲೆ ಕೂತ. ಪಕ್ಕದಲ್ಲಿ ರೇಡಿಯೋ. ಅವನ ಗಾಳಕ್ಕೆ ಹುಳ ಇರಲಿಲ್ಲ. ಎರೆಹುಳ ಕಂಡರೆ ಅವನಿಗೆ ಹೇಸಿಗೆ. ಮುಟ್ಟಿದರೆ ಮೈ ಜುಮ್ಮೆನ್ನುತ್ತದೆ ಎಂದು ಮುಖ ಕಿವುಚುತ್ತಿದ್ದ. ಹೆಂಡತಿ ಚುಚ್ಚಿ ಕೊಡುತ್ತೇನೆಂದರೆ ಅದೂ ಬೇಡ, ನೋಡಿದರೇ ಆಗುವುದಿಲ್ಲ. ಹೀಗಾಗಿ ಆ ಮಹಾರಾಯ ಹನ್ನೊಂದು ವರ್ಷ ಬರೀ ಕಬ್ಬಿಣವನ್ನು ನೀರಿಗೆ ಬಿಟ್ಟುಕೊಂಡು ಕೂತ. ನಾಲ್ಕು ಮಾರು ಈಚೆಗೆ ಅವಳು ಹಿಡಿಯುತ್ತಿದ್ದಳು, ಅವನು ಹೊತ್ತು ತಿರುಗುತ್ತಿದ್ದ. ಯಾರಾದರೂ ಏರಿ ಹತ್ತಿ ಬಂದರೆ ಅವನು ಎರಡು ಸಲ ಕೆಮ್ಮುತ್ತಿದ್ದ, ಅವಳು ದಾರವನ್ನು ಪಾದದಡಿ ಒತ್ತಿ ಹಿಡಿಯುತ್ತಿದ್ದಳು. ಅಷ್ಟು ಕೆಲಸವನ್ನು ಅವನು ಚೆನ್ನಾಗಿ ಮಾಡುತ್ತಿದ್ದ. ನ್ಯಾಯವಾಗಿ ಹೇಳಬೇಕಾದರೆ ಅದೊಂದನ್ನೇ.

ಮಾತು ಕೇಳಬೇಕಿತ್ತು ಅವನದು. ಭಾನುವಾರ ಆರ್.ಟಿ. ನಗರದಿಂದ ಆಫೀಸರುಗಳು, ಲೆಕ್ಚರರುಗಳು ಸ್ಕೂಟರ್ ಹತ್ತಿ ಬರುತ್ತಿದ್ದರು. ಅವರೆದುರು ಪಿಳ್ಳಪ್ಪ ದನಿ ತಗ್ಗಿಸಿ, "ಮೀನಿಗೂ ಒಂದು ಮನಸೈತೆ ಸಾರ್. ಅದನ್ನ ಗೆಲ್ಲಬೇಕು. ಗಾಳ ಗೀಳ ಎಲ್ಲ ನೆಪ," ಎನ್ನುತ್ತಿದ್ದ. ಓದಿದವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಒಬ್ಬನಂತೂ ಪುಸ್ತಕದಲ್ಲಿ ಬರೆದುಕೊಂಡ. ಅಷ್ಟು ಜನರಲ್ಲಿ ಒಬ್ಬನಿಗೂ ಗಾಳವನ್ನು ನೀರಿನಿಂದ ಎತ್ತಿ ನೋಡೋಣ ಎನ್ನಿಸಲಿಲ್ಲ. ಮುನಿಯಲ್ಲಮ್ಮ ಬೂದಿ ಹಾಕಿ ಚೊಂಬು ಉಜ್ಜುತ್ತಾ, ಓದಿದವರ ಮೇಲೆ ತನಗಿದ್ದ ಅಷ್ಟಿಷ್ಟು ಮರ್ಯಾದೆಯನ್ನೂ ಆ ಕಲ್ಲಿನ ಮೇಲೆ ತೊಳೆದುಕೊಂಡಳು.

ಇನ್ನೂ ಒಂದು ವಿಷಯವಿತ್ತು. ಪಿಳ್ಳಪ್ಪ ಮೀನು ತಿನ್ನುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತ್ತಂತೆ, ಅಂದಿನಿಂದ ಭಯ. ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ, ಮೀನಿನ ತುಂಡನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದ. ಅತ್ತೆ ಎಪ್ಪತ್ತಾರರಲ್ಲಿ ತೀರಿಕೊಂಡ ಮೇಲೆ ಈ ಗುಟ್ಟು ಗಂಡ ಹೆಂಡಿರ ನಡುವೆ ಉಳಿಯಿತು.

ಎಪ್ಪತ್ತೊಂಬತ್ತರಲ್ಲಿ ಕೆರೆಯ ಮೀನು ಹರಾಜಾಯಿತು. ಹರಾಜು ಹಿಡಿದವನು ವಹಾಬ್ ಎಂಬ ಕಂಟ್ರಾಕ್ಟರು. ಮೀನು ಮರಿ ತಂದು ಬಿಟ್ಟ, ಕಾವಲು ಹಾಕಿದ, ಯಾರೂ ಗಾಳ ಹಾಕುವಂತಿಲ್ಲ ಎಂದ. ಊರಿನವರು ಗದ್ದಲ ಎಬ್ಬಿಸಿದರು. ತಮಗೆಲ್ಲ ಗಾಳ ಬೇಕು ಎಂದಲ್ಲ, ಪಿಳ್ಳಪ್ಪನ ಗಾಳ ನಿಲ್ಲಬಾರದು ಎಂದು. ವಹಾಬ್ ಬುದ್ಧಿವಂತ, ಒಪ್ಪಿಕೊಂಡ. ಕೆರೆಯಲ್ಲಿ ಒಂದು ಗಾಳಕ್ಕೆ ಅವಕಾಶ, ಅದು ಪಿಳ್ಳಪ್ಪನದು. ಹೀಗೆ ಹುಳ ಮುಟ್ಟದ, ಮೀನು ತಿನ್ನದ ಒಬ್ಬ ಮನುಷ್ಯ ಇಡೀ ಕೆರೆಯಲ್ಲಿ ಮೀನು ಹಿಡಿಯುವ ಹಕ್ಕಿರುವ ಒಬ್ಬನೇ ಒಬ್ಬನಾದ.

ಎಂಬತ್ತಮೂರರ ಶ್ರಾವಣದಲ್ಲಿ ಆ ಗಾಳವೇ ಅವನನ್ನು ಕೊಂದಿತು. ಯಾರೋ ಮೂವರು ಸಾಹೇಬರಿಗೆ ದಾರಕ್ಕೆ ಗಂಟು ಹಾಕುವುದು ಹೇಗೆಂದು ತೋರಿಸಲು ಹೋಗಿ ತುಕ್ಕು ಹಿಡಿದ ಗಾಳವನ್ನು ಹೆಬ್ಬೆರಳಿಗೆ ಚುಚ್ಚಿಕೊಂಡ. ಸಾಹೇಬರ ಮುಂದೆ ನೋವು ತೋರಿಸಬಾರದೆಂದು ನಕ್ಕ. ಅರಿಶಿನ ಸುಣ್ಣ ಹಚ್ಚಿಕೊಂಡು ಸುಮ್ಮನಾದ. ವಾರ ಕಳೆಯುವಷ್ಟರಲ್ಲಿ ದವಡೆ ಕಚ್ಚಿಕೊಂಡು, ಬೆನ್ನು ಬಿಲ್ಲಿನಂತಾಯಿತು. ಪಟ್ಟಣದ ಆಸ್ಪತ್ರೆಗೆ ಸಾಗಿಸಿದರು, ಕಾಲ ಮೀರಿತ್ತು. ಹನ್ನೊಂದು ವರ್ಷದಲ್ಲಿ ಆ ಗಾಳಕ್ಕೆ ಸಿಕ್ಕಿದ್ದು ಅವನೊಬ್ಬನೇ.

ಮುನಿಯಲ್ಲಮ್ಮ ಅತ್ತಳು. ಅಳುತ್ತಾ ಅಳುತ್ತಾ ಅವಳಿಗೆ ಸಿಟ್ಟು ಬಂತು. ಹುಳ ಮುಟ್ಟದವನು ಗಾಳವನ್ನಾದರೂ ಯಾಕೆ ಮುಟ್ಟಬೇಕಿತ್ತು? ಅವನ ಮೇಲೆ ಅವಳಿಗೆ ಮರ್ಯಾದೆ ಇರಲಿಲ್ಲ, ಆದರೆ ಅವನ ಆ ಎರಡು ಕೆಮ್ಮು ನೆನಪಾದರೆ ಸೆರಗು ಕಣ್ಣಿಗೆ ಹೋಗುತ್ತಿತ್ತು.

ಹೆಣ ಮಣ್ಣಾದ ನಾಲ್ಕನೆಯ ದಿನಕ್ಕೇ ಮೈದುನ ಆವಲಪ್ಪ ತೂಬಿನ ಕಲ್ಲಿನ ಮೇಲೆ ಕೂತಿದ್ದ. ಅಣ್ಣನದೇ ಕಡ್ಡಿ, ಅಣ್ಣನದೇ ಛತ್ರಿ. ರೇಡಿಯೋವನ್ನೂ ಬಿಟ್ಟಿರಲಿಲ್ಲ. ಊರಿನ ಹಿರಿಯ ಸೊಣ್ಣಪ್ಪ ಏರಿ ಮೇಲೆ ನಿಂತು, ತಮ್ಮನಿಗೂ ಆ ಕೈಗುಣ ಬಂದೇ ಬರುತ್ತದೆ, ಒಂದೇ ರಕ್ತವಲ್ಲವೇ ಎಂದ. ತಿಥಿಯ ದಿನ ನಾಲ್ಕು ಜನರೆದುರು ಗಾಳವನ್ನು ಆವಲಪ್ಪನ ಕೈಗೆ ಕೊಡುವುದು, ತಿಥಿಯ ಎಡೆಗೆ ಆ ಗಾಳದಿಂದಲೇ ಹಿಡಿದ ಮೀನು ಇಡುವುದು ಎಂದು ತೀರ್ಮಾನವಾಯಿತು. ಪಿಳ್ಳಪ್ಪನಿಗೆ ಮೀನೆಂದರೆ ಪ್ರಾಣ, ಎಡೆಯಲ್ಲಿ ಮೀನಿಲ್ಲದಿದ್ದರೆ ಆತ್ಮ ತಣಿಯುವುದಿಲ್ಲ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ಸೂತಕದ ಮನೆಯ ಮೂಲೆಯಲ್ಲಿ ಕೂತ ಮುನಿಯಲ್ಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ದುಃಖಕ್ಕೆ ಎಂದುಕೊಂಡರು ಜನ.

ಆವಲಪ್ಪ ಮನೆ ಬಾಗಿಲಿಗೆ ಬಂದು ಇನ್ನೊಂದು ಮಾತು ಹೇಳಿ ಹೋದ.

"ಅತ್ಗೆ, ಇನ್ಮೇಲೆ ಪಾತ್ರೆ ಗೀತ್ರೆ ಬಾವಿ ತಾವ್ಲೇ ತೊಳ್ಕ. ನಾನು ಗಾಳ ಆಕೋ ತಾವ್ಕೆ ನೀನು ಬಂದ್ರೆ, ಈಗ... ನಿಂಗೇ ಗೊತ್ತಲ್ಲ. ಶುಭ ಅಲ್ಲ."

ಅಂದರೆ ಅವಳ ಪಾಲಿಗೆ ಕೆರೆ ಮುಗಿಯಿತು. ಗಂಡ ಹೋದದ್ದಕ್ಕೆ ಬಂದಿರದ ಒಂದು ಹೆದರಿಕೆ ಅವಳಿಗೆ ಆಗ ಬಂತು. ಮೀನು ಹೊತ್ತು ತಿರುಗಲು ಗಂಡಸಿಲ್ಲದೆ ಅವಳು ಕದ್ದು ಹಿಡಿದರೂ ಮನೆಗೆ ತರುವುದು ಹೇಗೆ? ಕಲ್ಲಿನ ಹತ್ತಿರವೇ ಸುಳಿಯಬಾರದೆಂದರೆ ಹಿಡಿಯುವುದಾದರೂ ಹೇಗೆ? ಇಪ್ಪತ್ತು ಹೆಜ್ಜೆ ಆಚೆ ನೀರಿದೆ, ನೀರಲ್ಲಿ ಕೊರವ ಇದೆ, ಇವಳು ಬಾವಿ ಕಟ್ಟೆಯ ಮೇಲೆ ಕೂತು ಮುದುಕಿಯಾಗಬೇಕು. ಇದ್ದದ್ದು ಒಂದೇ ಗಾಳ. ಅದು ಆ ದಡ್ಡನ ಕೈ ಸೇರುವ ಮೊದಲು ತನ್ನದಾಗಬೇಕು, ಇಲ್ಲವಾದರೆ ಇನ್ನಿಲ್ಲ.

ಆವಲಪ್ಪ ಆರು ದಿನ ಕೂತ. ಹುಳವನ್ನೇನೋ ಚುಚ್ಚಿದ, ಆದರೆ ಬೆಂಡು ಅಲುಗಿತೋ ಇಲ್ಲವೋ ಬಾವಿಗೆ ಬಿದ್ದ ಕೊಡ ಎತ್ತುವವನಂತೆ ಎಳೆಯುತ್ತಿದ್ದ. ಕೆರೆಯ ಮೀನಿಗೆಲ್ಲ ಆರು ದಿನ ಹಬ್ಬದೂಟ. ಏಳನೆಯ ದಿನ ಹೋಗಿ ವಹಾಬನ ಮುಂದೆ ಹಲ್ಲು ಕಿರಿದ. ತಿಥಿ ಬೆಳಿಗ್ಗೆ ಬಲೆ ಎಳೆಸಬೇಕು, ಒಂದು ದೊಡ್ಡ ಕಾಟ್ಲಾ ಮೀನು ಎಡೆಗೆ, ಉಳಿದದ್ದು ಬಂದವರ ಊಟಕ್ಕೆ, ಗಾಳದಲ್ಲಿ ಹಿಡಿದದ್ದೆಂದು ಹೇಳಿಕೊಳ್ಳುತ್ತೇನೆ, ನೀವು ಬಾಯಿ ಬಿಡಬೇಡಿ ಎಂದ. ಸತ್ತವನ ಹೆಸರಿಗೆ ಇಲ್ಲವೆನ್ನಲಾಗದೆ ವಹಾಬ್ ಹೂಂ ಎಂದ.

ತಿಥಿಯ ದಿನ ಬೆಳಿಗ್ಗೆ ನಾಲ್ಕು ಮುದುಕಿಯರು ಮುನಿಯಲ್ಲಮ್ಮನನ್ನು ಕೆರೆಗೆ ಕರೆತಂದರು. ಕೂರಿಸಿದ್ದು ಅವಳ ಪಾತ್ರೆ ತೊಳೆಯುವ ಕಲ್ಲಿನ ಮೇಲೆಯೇ. ಬಳೆ ಒಡೆದರು, ಕುಂಕುಮ ಅಳಿಸಿದರು. ಕಾಲುಂಗುರ ಮಾತ್ರ ಬರಲಿಲ್ಲ. ಹನ್ನೊಂದು ವರ್ಷ ಮೀನು ಎಳೆದೆಳೆದು ಅದು ಬೆರಳಿಗೆ ಕಚ್ಚಿಕೊಂಡಿತ್ತು. ಸೋಪು ಹಚ್ಚಿ ತಿರುಚಿದರು. "ಗಂಡನ ಮ್ಯಾಲೆ ಎಷ್ಟು ಪ್ರೀತಿ ನೋಡವ್ವ, ಉಂಗ್ರ ಬಿಡ್ತಿಲ್ಲ," ಎಂದು ಒಬ್ಬ ಮುದುಕಿ ಮೂಗು ಒರೆಸಿಕೊಂಡಳು. ಉಂಗುರ ಬಂತು. ಬೆರಳಿನಲ್ಲಿ ಆಳವಾದ ಕಚ್ಚು ಉಳಿಯಿತು. ಮುನಿಯಲ್ಲಮ್ಮ ಆ ಕಚ್ಚನ್ನೇ ನೋಡಿದಳು. ದಾರ ಸುತ್ತಿದರೆ ಅಲ್ಲೇ ಕೂರುತ್ತದೆ, ಜಾರುವುದಿಲ್ಲ ಎಂದುಕೊಂಡಳು. ಆ ಹೊತ್ತಿನಲ್ಲಿ ಹಾಗೆ ಎಣಿಸಿದ್ದಕ್ಕೆ ಅವಳಿಗೆ ಸ್ವಲ್ಪವೂ ಬೇಸರವಾಗಲಿಲ್ಲ.

ಅಲ್ಲಿಂದಲೇ ಅವಳಿಗೆ ಕೋಡಿಯ ಹತ್ತಿರ ವಹಾಬನ ಆಳುಗಳು ಕಂಡರು. ಬಲೆ ಎಳೆದಾಗಿತ್ತು. ಊಟಕ್ಕೆ ಬೇಕಾದ ಮೀನನ್ನು ಬಂಡೆಯ ಮೇಲೆ ಹಾಕಿಕೊಂಡು ಹೊಟ್ಟೆ ಸೀಳಿ ಕರುಳು ತೆಗೆಯುತ್ತಿದ್ದರು. ಊರಿನ ಕಾಗೆಗಳೆಲ್ಲ ಅಲ್ಲಿದ್ದವು.

ಪಿಳ್ಳಪ್ಪನನ್ನು ಮಣ್ಣು ಮಾಡಿದ ಗುಡ್ಡೆ ಇದ್ದದ್ದು ಏರಿ ಕೆಳಗಿನ ಅವನ ಹೊಲದಲ್ಲಿ, ಹುಣಸೆ ಮರದ ಹತ್ತಿರ. ಅಲ್ಲಿಂದ ಕೋಡಿ ಕಾಣುವುದಿಲ್ಲ. ಬಾಳೆ ಎಲೆ ಹಾಸಿ ಎಡೆ ಇಟ್ಟರು. ಮುದ್ದೆ, ಬಾಡು, ಬೋಂಡ, ಒಂದು ಕಟ್ಟು ಬೀಡಿ, ನಡುವೆ ಆ ಕಾಟ್ಲಾ. "ಅಣ್ಣನ ಗಾಳದಾಗೆ ಬೆಳಗಿನ ಜಾವ ಬಿತ್ತು," ಎಂದು ಆವಲಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಮುನಿಯಲ್ಲಮ್ಮ ಮೀನನ್ನು ನೋಡಿದಳು. ತುಟಿ ಎಲ್ಲೂ ಹರಿದಿಲ್ಲ. ಕಿವಿರಿನ ಸುತ್ತ ಬಲೆಯ ದಾರ ಕೊರೆದ ಗೆರೆ ಎದ್ದು ಕಾಣುತ್ತಿದೆ. ಕೆರೆ ದಡದಲ್ಲಿ ಹುಟ್ಟಿ ಬೆಳೆದ ಅಷ್ಟು ಜನ ಗಂಡಸರು ಅದರ ಸುತ್ತ ನಿಂತಿದ್ದರು. ಒಬ್ಬನ ಕಣ್ಣಿಗೂ ಬೀಳಲಿಲ್ಲ.

ಎಡೆ ಇಟ್ಟು ಎಲ್ಲರೂ ದೂರ ಸರಿದು ಕಾಗೆಗಾಗಿ ಕಾದರು. ಕಾಗೆ ಮುಟ್ಟಿದರೆ ಸತ್ತವನು ತಣಿದ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಕಾಗೆ ಬರಲಿಲ್ಲ.

ಸೊಣ್ಣಪ್ಪ ಆವಲಪ್ಪನ ಬೆನ್ನು ತಟ್ಟಿದ. ಆವಲಪ್ಪ ಮುಂದೆ ಬಂದು ಕೈ ಮುಗಿದ.

"ಅಣ್ಣಾ, ನಿನ್ನ ಗಾಳ ನಾನು ಇಡೀತೀನಿ. ಸಾಯೋಗಂಟ ಕೆಳಕ್ಕೆ ಇಡಕಿಲ್ಲ. ಬಾರಣ್ಣ."

ಬರಲಿಲ್ಲ. ಆವಲಪ್ಪನ ಮುಖ ಸಣ್ಣಗಾಯಿತು. ಸೊಣ್ಣಪ್ಪ, ತೂಬಿನ ಹತ್ತಿರ ಪಿಳ್ಳಪ್ಪನ ಹೆಸರು ಕೆತ್ತಿದ ಕಲ್ಲು ನಿಲ್ಲಿಸುತ್ತೇವೆಂದು ಊರ ಪರವಾಗಿ ಮಾತು ಕೊಟ್ಟ. ಬರಲಿಲ್ಲ. ಯಾರೋ ಸಾರಾಯಿ ತಂದು ಎಲೆಯ ಪಕ್ಕ ಸುರಿದರು. ಅತ್ತಿಗೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ಆವಲಪ್ಪ ಇನ್ನೊಂದು ಸಲ ಕೂಗಿದ. ಯಾವ ಕಾಗೆಯೂ ಅದನ್ನು ನಂಬಲಿಲ್ಲ. ಬಿಸಿಲೇರಿತು. ಚಪ್ಪರದಿಂದ ಸಾರಿನ ವಾಸನೆ ಬರುತ್ತಿತ್ತು, ಹಸಿದವರು ಆಕಾಶ ನೋಡುವುದನ್ನು ಬಿಟ್ಟು ಚಪ್ಪರ ನೋಡತೊಡಗಿದರು.

ಮುನಿಯಲ್ಲಮ್ಮ ಹೆಂಗಸರ ನಡುವೆ ತಲೆ ತಗ್ಗಿಸಿ ಕೂತು ಕಿವಿಗೊಟ್ಟಿದ್ದಳು. ಏರಿಯಾಚೆಯಿಂದ ಕಾಗೆಗಳ ಜಗಳ ಸಣ್ಣಗೆ ಕೇಳುತ್ತಲೇ ಇತ್ತು. ಈ ಮನುಷ್ಯರಿಗೆ ಕಿವಿಯೂ ಇಲ್ಲವೇ ಎನ್ನಿಸಿತು ಅವಳಿಗೆ. ಮೀನು ಬಲೆಯಿಂದ ಬಂದದ್ದು ಆವಲಪ್ಪನಿಗೆ ಗೊತ್ತು, ಊಟದ ಮೀನನ್ನು ಕೋಡಿಯ ಹತ್ತಿರ ಹೆಚ್ಚಲು ಹೇಳಿದವನೂ ಅವನೇ, ಕಾಗೆಗಳೆಲ್ಲ ಆ ಕರುಳಿನ ಮೇಲಿವೆ. ಆದರೂ ಅಣ್ಣನ ಆತ್ಮ ಮುನಿದಿದೆಯೆಂದು ಗಡಗಡ ನಡುಗುತ್ತಾ ನಿಂತಿದ್ದಾನೆ.

ಆಗ ಅವಳಿಗೆ ದಾರಿ ಕಂಡಿತು. ಆದರೆ ಗಳಿಗೆ ನೋಡಬೇಕು. ಮೊದಲೇ ಎದ್ದು ಮಾತಾಡಿ, ಕಾಗೆ ಬರದೆ ಹೋದರೆ, ಮುಂಡೆ ಬಾಯಿ ಹಾಕಿ ಇದ್ದದ್ದನ್ನೂ ಕೆಡಿಸಿದಳು ಎಂದು ಉಗಿದು ಒಳಗೆ ಕೂರಿಸುತ್ತಾರೆ. ತಡ ಮಾಡಿದರೆ ಕಾಗೆ ತಾನಾಗಿ ಬಂದು, ಆ ಹೊತ್ತಿಗೆ ಬಾಯಿ ಬಿಟ್ಟುಕೊಂಡಿದ್ದ ಯಾವನಿಗೋ ಗಾಳ ಹೋಗುತ್ತದೆ. ಕೊರವ ಕಚ್ಚಿ ನಿಂತಿದೆ. ಅದು ಅಲುಗುವವರೆಗೆ ಅಲುಗಬಾರದು.

ಕೋಡಿ ಕಡೆಯಿಂದ ವಹಾಬನ ಮೆಟಡೋರ್ ಹೊರಟ ಸದ್ದು ಕೇಳಿತು. ಇನ್ನು ಬಂಡೆಗೆ ನೀರು ಹುಯ್ಯುತ್ತಾರೆ, ಕಾಗೆಗಳು ಇತ್ತ ಬರುತ್ತವೆ. ಅವಳು ಕಾದಳು. ಒಂದು ಕಾಗೆ ಬಂದು ಹುಣಸೆ ಮರದ ಮೇಲೆ ಕೂತಿತು. ಜನ ಉಸಿರು ಬಿಗಿ ಹಿಡಿದರು. ಅದು ಕೊಕ್ಕನ್ನು ಕೊಂಬೆಗೆ ಒರೆಸಿಕೊಂಡು ಕಣ್ಣು ಮುಚ್ಚಿತು. ದೊಡ್ಡ ಕಾಗೆ, ಹೊಟ್ಟೆ ತುಂಬಿದೆ. ಇನ್ನೊಂದು ಬಂತು, ಅದೂ ಅಂಥದ್ದೇ. ಹೆಂಗಸರು ಲೊಚಗುಟ್ಟಿದರು. ಅವಳು ಇನ್ನೂ ಕಾದಳು. ಆಮೇಲೆ ಮೂರು ಮರಿಗಾಗೆಗಳು ಒಟ್ಟಿಗೆ ಬಂದವು. ದೊಡ್ಡವುಗಳ ನೂಕಾಟದಲ್ಲಿ ಏನೂ ಸಿಗದೆ ಬಂದವು. ಕೂತ ಕಡೆ ಕೂರದೆ ಕೊಂಬೆಯಿಂದ ಕೊಂಬೆಗೆ ಹಾರಿ, ಕತ್ತು ಉದ್ದ ಮಾಡಿ ಎಲೆಯನ್ನೇ ನೋಡುತ್ತಿದ್ದವು.

ಮುನಿಯಲ್ಲಮ್ಮ ಎದ್ದಳು. ಎರಡು ಸಲ ಕೆಮ್ಮಿದಳು. ಎಲ್ಲರೂ ತಿರುಗಿ ನೋಡಿದರು.

"ನಿನ್ ಆಸೆ ನಂಗೊತ್ತು," ಎಂದಳು ಗುಡ್ಡೆಯ ಕಡೆಗೆ. "ನಿನ್ನ ಗಾಳ ಬ್ಯಾರೆಯವರು ಮುಟ್ಟಬಾರ್ದು. ನಿನ್ನ ಕಲ್ಲಿನ ಮ್ಯಾಲೆ ನಾನೇ ಕೂತ್ಕಂಡು ನಾನೇ ಇಡೀತೀನಿ. ಒಪ್ಗೆ ಇದ್ರೆ ಬಂದು ಉಣ್ಣು."

ಆವಲಪ್ಪ ಬಾಯಿ ತೆರೆದ. ಅವನ ಮಾತು ಹೊರಡುವ ಮೊದಲೇ ಮರಿಗಾಗೆ ಕೆಳಗಿಳಿದು ಒಂದು ಬೋಂಡ ಕಚ್ಚಿಕೊಂಡು ಹಾರಿತು. ಹಿಂದೆಯೇ ಉಳಿದೆರಡು ಬಂದು ಬಾಡಿನ ತುಂಡು ಎಳೆದಾಡಿದವು. ಹೆಂಗಸರು ಗೊಳೋ ಎಂದು ಅತ್ತರು. ಸೊಣ್ಣಪ್ಪ ಟವೆಲು ತೆಗೆದು ಗುಡ್ಡೆಗೆ ಅಡ್ಡಬಿದ್ದ. ಮೀನನ್ನು ಮಾತ್ರ ಯಾವುದೂ ಮುಟ್ಟಲಿಲ್ಲ, ಅದು ಎಲೆಯ ನಡುವೆ ಹಾಗೇ ಉಳಿಯಿತು. ಪಿಳ್ಳಪ್ಪ ಬದುಕಿದ್ದಾಗಲೂ ಅಷ್ಟೇ.

"ಎಂಗಸು ಗಾಳ ಇಡೀಬಾರ್ದು ಅಂತ ನಮ್ಮವ್ವ..." ಎಂದು ಆವಲಪ್ಪ ಶುರು ಮಾಡಿದ.

"ಇವ್ಳು ಎಲ್ಲಿ ಇಡೀತಾಳೋ?" ಎಂದು ಸೊಣ್ಣಪ್ಪ ಗದರಿದ. "ಇವ್ಳು ಬರೀ ಕೂರೋದು. ಇಡಿಯೋನು ಪಿಳ್ಳಪ್ಪನೇ. ಕಣ್ಣಾರೆ ಕಂಡ್ಯಲ್ಲ."

ಹಾಗೆಂದು ತೀರ್ಮಾನವಾಯಿತು. ಕಡ್ಡಿಯನ್ನು ನಾಲ್ಕು ಜನರೆದುರು ಅವಳ ಕೈಗೆ ಕೊಟ್ಟರು. ತೆಗೆದುಕೊಳ್ಳುವಾಗ ಅವಳಿಗೆ ನಾಚಿಕೆಯಾಯಿತು. ಕಾಗೆಯ ಹೆಸರಲ್ಲಿ ಆಟ ಹೂಡಿದ್ದಕ್ಕಲ್ಲ. ಇಷ್ಟು ಸುಲಭಕ್ಕೆ ಬೀಳುವ ಜನಕ್ಕೆ ಹೆದರಿ ಹನ್ನೊಂದು ವರ್ಷ ತಲೆ ಬಗ್ಗಿಸಿ ಪಾತ್ರೆ ಉಜ್ಜಿದೆನಲ್ಲ ಎಂದು.

ತಿಂಗಳು ಕಳೆದು ಅವಳು ತೂಬಿನ ಕಲ್ಲಿನ ಮೇಲೆ ಕೂತ ಮೊದಲ ದಿನ ವಹಾಬ್ ಏರಿ ಇಳಿದು ಬಂದ. ಸ್ವಲ್ಪ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೀರು ನೋಡಿದ.

"ಅಕ್ಕಾ, ಆ ಕಡ್ಡೀಲಿ ಹುಳ ಇರ್ತಿರ್ಲಿಲ್ಲ ಅಂತ ನಂಗೆ ಮೊದಲ್ನೇ ವರ್ಷಾನೇ ಗೊತ್ತಾಯ್ತು," ಎಂದ. "ಬೆಂಡು ನಿಂತಿರೋದು ನೋಡಿದ್ರೆ ಸಾಕಲ್ಲ. ಆಮೇಲೆ ನಿಮ್ಮ ಕಾಲು ನೋಡ್ದೆ."

"ಗೊತ್ತಿದ್ರೆ ಯಾಕೆ ಬಾಯಿ ಬಿಡ್ಲಿಲ್ಲ ಸಾಬ್ರೆ?"

"ಹೇಳಿದ್ರೆ ಊರೋರು ನನ್ನ ಮೇಲೆ ಬೀಳ್ತಿದ್ರು. ನ್ಯಾಯ ಮಾಡಕ್ಕೆ ಬಂದಿದ್ದಲ್ಲ ನಾನು, ಮೀನು ಸಾಕಕ್ಕೆ ಬಂದಿದ್ದು."

ಮುನಿಯಲ್ಲಮ್ಮ ಮತ್ತೆ ಅವನ ಕಡೆ ತಿರುಗಲಿಲ್ಲ. ಗೊತ್ತಿಲ್ಲದವರನ್ನು ದಡ್ಡರೆಂದು ಬಿಟ್ಟುಬಿಡಬಹುದು. ಗೊತ್ತಿದ್ದೂ ಬಾಯಿ ಹೊಲಿದುಕೊಂಡು ನಾಲ್ಕು ವರ್ಷ ಸಲಾಂ ಹೊಡೆದವನನ್ನು ಯಾವ ಲೆಕ್ಕಕ್ಕೆ ಸೇರಿಸುವುದೋ ಅವಳಿಗೆ ತಿಳಿಯಲಿಲ್ಲ. ವಹಾಬ್ ಎದ್ದು ಹೋದ.

ಅಂದಿನಿಂದ ಅವಳು ದಿನಾ ಕೂತಳು. ಬಿದಿರು ಕಡ್ಡಿಯನ್ನು ತೂಬಿನ ಸಂದಿಗೆ ಸಿಕ್ಕಿಸಿ, ಬರೀ ಗಾಳವನ್ನು ನೀರಿಗೆ ಇಳಿಬಿಡುತ್ತಿದ್ದಳು, ಪಿಳ್ಳಪ್ಪ ಬಿಟ್ಟ ಹಾಗೆಯೇ. ತನ್ನ ದಾರವನ್ನು ಕಾಲ್ಬೆರಳಿನ ಕಚ್ಚಿಗೆ ಸುತ್ತಿಕೊಳ್ಳುತ್ತಿದ್ದಳು. ಈಗ ಪಾತ್ರೆ ಬೇಕಿರಲಿಲ್ಲ, ಕೆಮ್ಮುವವನೂ ಬೇಕಿರಲಿಲ್ಲ. ಹೊತ್ತು ಮೂಡುವಾಗ ಬಂದು, ಬಿಸಿಲು ಚುರುಗುಟ್ಟುವವರೆಗೆ ನೀರಲ್ಲಿ ಕಾಲಿಟ್ಟುಕೊಂಡು ಕೂತಿರುತ್ತಿದ್ದಳು. ಅಂಥ ಸುಖವನ್ನು ಅವಳು ಮದುವೆಯಾದ ಮೇಲೆ ಕಂಡಿರಲಿಲ್ಲ. ನೀರಿನ ಕಡೆ ಮುಖ ಮಾಡಿದ್ದಷ್ಟು ಹೊತ್ತು ಆ ಸುಖಕ್ಕೆ ಏನೂ ಕಡಿಮೆ ಇರಲಿಲ್ಲ.

ಎಂಬತ್ತೈದರ ಒಂದು ಭಾನುವಾರ ಆರ್.ಟಿ. ನಗರದ ಸ್ಕೂಟರೊಂದು ಏರಿ ಮೇಲೆ ನಿಂತಿತು. ಇಳಿದವನು, ಹಿಂದೆ ಪಿಳ್ಳಪ್ಪನ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡವನೇ. ಆವಲಪ್ಪ ಅವನಿಗೆ ಜಾಗ ತೋರಿಸಿಕೊಂಡು ಬಂದ.

"ಇದೇ ಸಾರ್ ಅಣ್ಣನ ಕಲ್ಲು. ಈಗ್ಲೂ ದಿನಾ ಇಡೀತಾನೆ."

"ಮತ್ತೆ ಈಯಮ್ಮ?"

"ಅತ್ಗೆ. ಬರೀ ಕೂತಿರ್ತಾಳೆ ಸಾರ್. ಕಾವಲು ಇದ್ದಂಗೆ."

ಆಗ ಕಾಲ್ಬೆರಳಿಗೆ ತಿಳಿಯಿತು. ಕಚ್ಚಿ, ಸುಮ್ಮನೆ ನಿಂತಿತು. ಅವಳೂ ನಿಂತಳು. ಹಿಂದೆ ಆ ಇಬ್ಬರು ಕೈಗುಣದ ಬಗ್ಗೆ ಮಾತಾಡುತ್ತಿದ್ದರು, ರಕ್ತದ ಬಗ್ಗೆ ಮಾತಾಡುತ್ತಿದ್ದರು. ದಾರ ಅಲುಗಿತು. ಬಗ್ಗಿ, ಎರಡೂ ಕೈಯಲ್ಲಿ ದಾರ ಸೇದಿ, ತೋಳುದ್ದದ ಕೊರವವನ್ನು ಅವರ ಕಣ್ಣೆದುರೇ ಕಲ್ಲಿನ ಮೇಲೆ ಹಾಕಿದಳು. ಮೀನು ಬಾಲ ಬಡಿದು ಸಾಹೇಬನ ಪ್ಯಾಂಟಿಗೆ ನೀರು ಎರಚಿತು. ದಾರದ ತುದಿ ಅವಳ ಕಾಲ್ಬೆರಳಿನಲ್ಲೇ ಇತ್ತು, ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ.

ಸಾಹೇಬ ಚಪ್ಪಲಿ ಕಳಚಿದ. ಆವಲಪ್ಪ ಟವೆಲು ಹೆಗಲಿನಿಂದ ತೆಗೆದ. ಇಬ್ಬರೂ ತೂಬಿನ ಸಂದಿಯಲ್ಲಿದ್ದ ಬಿದಿರು ಕಡ್ಡಿಗೆ ಕೈ ಮುಗಿದರು.

ಮುನಿಯಲ್ಲಮ್ಮ ಮೀನಿನ ಬಾಯಿಂದ ಗಾಳ ಬಿಡಿಸಿ, ಮೀನನ್ನು ಬುಟ್ಟಿಗೆ ಹಾಕಿ, ನಸ್ಯದ ಡಬ್ಬಿಯಿಂದ ಇನ್ನೊಂದು ಹುಳ ತೆಗೆದಳು.